ಸಾವಿರಕ್ಕೆ ಒಂದು ಸುಳ್ಳು ಕಡಿಮೆ

ಸಿಂದಗಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಬಟ್ಟೆ ಹೊಲಿಯುತ್ತಿರುವ ದೇವದಾನನಿಗೆ ಒದಗಿದ ಕಷ್ಟಕ್ಕೆಲ್ಲ ಮೂಲ ಒಂದೇ. ಆ ಭಾನುವಾರ ಅವನಿಗೆ ಚರ್ಚಿನಲ್ಲಿ ನಿದ್ದೆ ಬರಲಿಲ್ಲ.

ಹಾಗೆಂದು ಅವನೇನು ಭಕ್ತಿಯಿಲ್ಲದ ಮನುಷ್ಯನಲ್ಲ. ವಾರವೆಲ್ಲ ಮಷೀನು ತುಳಿದ ಕಾಲು ಭಾನುವಾರ ಬೆಂಚು ಸಿಕ್ಕೊಡನೆ ತಾನೇ ಮಲಗುತ್ತದೆ, ಕಾಲಿನ ಹಿಂದೆಯೇ ಕಣ್ಣೂ ಹೋಗುತ್ತದೆ. ಆ ದಿನ ಮಾತ್ರ ಕರೆಂಟು ಹೋಗಿ, ಪಂಖಾ ನಿಂತು, ಸೆಕೆಗೆ ಅವನು ಎಚ್ಚರಾಗಿಯೇ ಕೂತಿದ್ದ. ಹೀಗಾಗಿ ಪಾಸ್ಟರು ಹೇಳಿದ್ದೆಲ್ಲ ನೆಟ್ಟಗೆ ಕಿವಿಗೆ ಬಿತ್ತು.

"ಗುಡ್ ಫ್ರೈಡೇಕ್ಕ ಇನ್ನ ನಲವತ್ತು ದಿನ ಐತಿ" ಎಂದರು ಪಾಸ್ಟರು. "ಯೇಸುವಿನ ಈ ಶ್ರಮೆಯ ದಿನದಾಗ ಒಬ್ಬರು ಮಟನ್ ಬಿಡ್ತೀರಿ, ಒಬ್ಬರು ಚಾ ಬಿಡ್ತೀರಿ. ಭಾಳ ಸಂತೋಷ. ಸುಳ್ಳ ಬಿಡಾವ್ರು ಯಾರರ ಅದೀರೇನು? ನಾವು ಹೌದು ಅಂದ್ರ ಅದು ಹೌದ ಇರಬೇಕು, ಅಲ್ಲ ಅಂದ್ರ ಅಲ್ಲ ಇರಬೇಕು. ಅಂಥಾವ್ರು ಇದ್ರ ಎದ್ದು ನಿಲ್ರಿ, ನೋಡೂಣು."

ಕೂತವರು ಎಪ್ಪತ್ತು ಮಂದಿ. ಎದ್ದು ನಿಂತವನು ದೇವದಾನ ಒಬ್ಬನೇ. ನೀರು ಕುಡಿಯಲು ಎದ್ದನೇನೋ ಎಂದು ಪಕ್ಕದವನು ಕಾಲು ಸರಿಸಿ ದಾರಿ ಬಿಟ್ಟ. ಹೆಂಗಸರ ಸಾಲಿನಿಂದ ಹೆಂಡತಿ ರೂತವ್ವ ಕಣ್ಣು ಅಗಲ ಮಾಡಿ, 'ಕೂಡ್ರಿ' ಎಂದು ಸನ್ನೆ ಮಾಡಿದಳು. ದೇವದಾನ ಕೂಡಲಿಲ್ಲ. ಇಷ್ಟು ವರ್ಷ ತಾನು ಭಾನುವಾರ ಒಬ್ಬ, ಸೋಮವಾರದಿಂದ ಇನ್ನೊಬ್ಬನಾಗಿ ಬದುಕಿದೆ ಎಂಬುದು ಅವನಿಗೆ ಆ ಕ್ಷಣ ಹೊಳೆದಿತ್ತು. ನಲವತ್ತು ದಿನವಾದರೂ ಒಬ್ಬನೇ ಮನುಷ್ಯನಾಗಿ ಬಾಳಿ ನೋಡಬೇಕು ಅನ್ನಿಸಿತ್ತು.

ನಗಬೇಡಿ. ಉಳಿದವರು ಸುಳ್ಳು ಬಿಡುವುದು ಬೇರೆ, ಟೇಲರ್ ಬಿಡುವುದು ಬೇರೆ. ಟೇಲರ್ ಸುಳ್ಳು ಬಿಡುವುದೆಂದರೆ ಕಮ್ಮಾರ ಬೆಂಕಿ ಬಿಟ್ಟ ಹಾಗೆ. "ನಾಳಿ ಬರ್ರಿ", "ಗುಂಡಿ ಹಚ್ಚೂದಷ್ಟ ಉಳದೈತ್ರಿ", "ಬಟ್ಟಿ ಕುಗ್ಗೇತ್ರಿ" ಎಂಬ ಮೂರು ಕಂಬದ ಮೇಲೆ ಆ ಕಸುಬು ಊರೂರಲ್ಲಿ ನಿಂತಿದೆ. ಮೂರನ್ನೂ ಒಂದೇ ದಿನ ಕಿತ್ತುಹಾಕಲು ಎದ್ದು ನಿಂತವನ ಎದೆಗಾರಿಕೆಯನ್ನು ಮೆಚ್ಚಲೇಬೇಕು.

ಸೋಮವಾರದ ಮೊದಲ ಪರೀಕ್ಷೆ ಮನೆಯಲ್ಲೇ ನಡೆಯಿತು. ರೂತವ್ವ ಬಿಸಿ ರೊಟ್ಟಿಯ ಮೇಲೆ ಕಡಲೆಹಿಟ್ಟಿನ ಜುಣಕ ಬಡಿಸಿ, "ಹೆಂಗಾಗೇತ್ರಿ?" ಎಂದಳು. ಇದಕ್ಕೆ ಎಂದಿನ ಉತ್ತರ "ಭಾಳ ಚಲೋ ಆಗೇತಿ" ಎಂಬುದು. ಹತ್ತೊಂಬತ್ತು ವರ್ಷದ ಸಂಸಾರ ಆ ಮಾತಿನ ಆಸರೆಯಲ್ಲಿ ಸುಖವಾಗಿ ನಡೆದಿತ್ತು. ದೇವದಾನ ತುತ್ತು ನುಂಗಿ, ಕಣ್ಣು ಮುಚ್ಚಿ, "ಉಪ್ಪು ಕಡಿಮಿ ಐತಿ. ಮತ್ತ ಸ್ವಲ್ಪ ತಳ ಹತ್ತೇತಿ" ಎಂದುಬಿಟ್ಟ.

ರೂತವ್ವ ಜಗಳ ಮಾಡಲಿಲ್ಲ. ಮಧ್ಯಾಹ್ನದ ಬುತ್ತಿಗೆಂದು ತೆಗೆದಿಟ್ಟ ಡಬ್ಬಿಯನ್ನು ತಿರುಗಿ ಕಪಾಟಿನಲ್ಲಿಟ್ಟಳು. "ಖರೇ ಮಾತಿಗೆ ಹೊಟ್ಟಿ ತುಂಬ್ತೈತೇನು, ಇವತ್ತ ನೋಡೇ ಬಿಡ್ರಿ" ಎಂದಳು.

ಅಂಗಡಿ ತೆರೆದು ಇನ್ನೂ ಮಷೀನಿಗೆ ಎಣ್ಣೆ ಬಿಟ್ಟಿರಲಿಲ್ಲ, ಹೆಡ್‌ಮಾಸ್ತರ ಶ್ರೀಶೈಲಪ್ಪ ಬಂದರು. ಮಗಳ ಸೀಮಂತಕ್ಕೆಂದು ಅಂಗಿ ಹೊಲಿಯಲು ಕೊಟ್ಟು ಎರಡು ವಾರ ಆಗಿತ್ತು.

"ಏನಪಾ, ಆತೇನು ನನ್ನ ಅಂಗಿ?"

"ಇಲ್ರಿ ಸರ. ಇನ್ನ ಕತ್ತರಿ ಹಚ್ಚಿಲ್ಲ. ನೀವು ಕೊಟ್ಟ ಗಂಟು ಬಿಚ್ಚೇ ಇಲ್ರಿ. ಹದಿನೆಂಟನೇ ತಾರೀಖಿಗೆ ಆಗ್ತೈತಿ."

ಶ್ರೀಶೈಲಪ್ಪನವರ ಮುಖ ಕೆಂಪಗಾಯಿತು. ತಡವಾದದ್ದಕ್ಕಲ್ಲ. ತಡವಾಗುವುದು ಅವರಿಗೆ ರೂಢಿ. "ಹನ್ನೆರಡು ವರ್ಷದಿಂದ ನಿನ್ನ ಹತ್ರ ಹೊಲಸ್ತೇನಿ. ಪ್ರತಿ ಸಲ 'ನಾಳಿ ಬರ್ರಿ ಸರ' ಅಂತಿದ್ದಿ. ನಾ ಮೂರು ಸಲ ಬರ್ತಿದ್ದೆ, ಮೂರನೇ ಸಲ ಕೊಡ್ತಿದ್ದಿ. ಎಂಥಾ ಮರ್ಯಾದಿ ಇತ್ತು! ಈಗ ಗಂಟ ಬಿಚ್ಚಿಲ್ಲ ಅಂತ ಮುಖದ ಮ್ಯಾಲ ಹೊಡದಂಗ ಹೇಳ್ತೀಯಲ್ಲೋ. ನನ್ನ ಬಟ್ಟಿ ಬ್ಯಾಡಾಗೇತೇನು ನಿನಗ?" ಎಂದು ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದೇಬಿಟ್ಟರು.

ಅವರ ಬೆನ್ನಿಗೇ ಬ್ಯಾಂಕಿನ ಮೇಡಮ್ಮು ಬಂದು, ಜಂಪರು ಬಿಗಿಯಾಗಿದೆ ಎಂದು ಬೈದರು. ಬಟ್ಟೆ ಕುಗ್ಗಿದೆ ಎಂಬ ಕಂಬ ಅಲ್ಲೇ ಕೈಗೆಟುಕುವಂತಿತ್ತು. ದೇವದಾನ ಅದನ್ನು ಹಿಡಿಯಲಿಲ್ಲ. "ಬಟ್ಟಿ ಹಂಗ ಐತ್ರಿ ಮೇಡಮ್ಮ. ದೀಪಾವಳಿಯಿಂದ ಇಲ್ಲೀತನ ನಿಮ್ಮ ಅಳತಿ ಎರಡು ಇಂಚು ಏರೇತಿ" ಎಂದು ಹಳೆಯ ಅಳತೆಪುಸ್ತಕ ತೆಗೆದು ತೋರಿಸಿದ. ಪುಸ್ತಕ ತೋರಿಸಬಾರದಿತ್ತು. ಇನ್ನು ಮುಂದೆ ವಿಜಯಪುರದಲ್ಲೇ ಹೊಲಿಸುತ್ತೇನೆ ಎಂದು ಹೇಳಿ ಅವರೂ ಹೋದರು.

ಪಕ್ಕದ ಗುಂಡಿ-ದಾರದ ಅಂಗಡಿಯ ಕುತುಬುದ್ದೀನ ಇದನ್ನೆಲ್ಲ ಹಣ ಎಣಿಸುವ ತನ್ನ ಗಲ್ಲೆಯ ಮೇಲೆ ಕೂತು ಸಿನಿಮಾ ನೋಡಿದಂತೆ ನೋಡುತ್ತಿದ್ದ. ಓಣಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಅವನಿಗೆ ಮೊದಲು ಗೊತ್ತಾಗಬೇಕು. ದೇವದಾನನ ವ್ರತದ ಸುದ್ದಿಯೂ ಅವನ ಬಾಯಿಂದ ಆಗಲೇ ಓಣಿಯಲ್ಲಿ ಹಬ್ಬತೊಡಗಿತ್ತು. "ದೇವದಾನ ಭಾಯಿ, ನೀ ರಮಜಾನದಾಗ ರೋಜಾ ಹಿಡದಂಗ ಸುಳ್ಳ ಬಿಟ್ಟೀದಿ, ಮೆಚ್ಚಿದೆ" ಎಂದ. "ಆದ್ರ ರೋಜಾದಾಗೂ ಸಂಜಿಕ ಒಂದು ಖರ್ಜೂರ ತಿಂತೇವಿ ಮಾರಾಯಾ. ಸಂಜಿಕರ ಒಂದು ಸಣ್ಣ ಸುಳ್ಳ ಹೇಳು."

ದೇವದಾನ ನಕ್ಕ. ಗಿರಾಕಿ ಹೋದರೆ ಬರಬಹುದು, ಕೊಟ್ಟ ಮಾತು ಹೋದರೆ ಬಾರದು ಎಂದು ತನಗೆ ತಾನೇ ಹೇಳಿಕೊಂಡ. ಮನಸ್ಸು ಹಗುರವಾಗಿತ್ತು. ನಿಜ ಹೇಳಿದರೆ ನಷ್ಟವಾಗುವುದು ತನಗೊಬ್ಬನಿಗೇ ಎಂದು ಅವನು ಆಗ ತಿಳಿದಿದ್ದ.

ಹನ್ನೆರಡು ಗಂಟೆಗೆ ಓಣಿಯೊಳಗೆ ಒಂದು ಬಿಳಿ ಜೀಪು ಬಂದು ಗುಂಡವ್ವನ ಮನೆಯ ಮುಂದೆ ನಿಂತಿತು.

ಗುಂಡವ್ವನ ಮನೆ ದೇವದಾನನ ಅಂಗಡಿಗೆ ಎದುರುಬದುರು. ತಾಯಿಯಿಲ್ಲದ ಮೊಮ್ಮಗಳು ಭುವನೇಶ್ವರಿಯನ್ನು ಆ ಮುದುಕಿ ಒಬ್ಬಳೇ ಓದಿಸಿದ್ದಳು. ಭುವನೇಶ್ವರಿ ಈಗ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಇಪ್ಪತ್ತಾರು ತುಂಬಿದೆ. ಈ ಮೊದಲು ಎರಡು ಕಡೆಯವರು ಬಂದು, ಉಪ್ಪಿಟ್ಟು ತಿಂದು ಹೋದವರು, ಆಮೇಲೆ ಫೋನು ಎತ್ತಿರಲಿಲ್ಲ. ಈ ಸಲ ಬಂದವರು ಇಂಡಿ ತಾಲೂಕಿನ ಹಲಸಂಗಿಯವರು, ದೊಡ್ಡ ಮನೆತನ. ಹುಡುಗ ಅನೀಲಕುಮಾರ ಹೈಸ್ಕೂಲು ಮಾಸ್ತರ. ಫೋಟೋ ನೋಡಿಯೇ ಒಪ್ಪಿದ್ದ. ಮೊದಲು ಹಿರಿಯರು ಬಂದು ವಿಚಾರಿಸುವುದು, ಸರಿ ಬಂದರೆ ಆಮೇಲೆ ಹುಡುಗನನ್ನು ಕರೆಸುವುದು ಎಂದು ಮಾತಾಗಿತ್ತು. ಹುಡುಗ ಅಲ್ಲೇ ಸಿಂದಗಿಯ ನೆಂಟರ ಮನೆಯಲ್ಲಿ ಕಾಯುತ್ತಿದ್ದ.

ನಮ್ಮ ಕಡೆ ಕನ್ಯೆ ನೋಡುವವರು ಮನೆಯವರು ಹೇಳಿದ್ದನ್ನು ನಂಬುವುದಿಲ್ಲ. ಓಣಿಯವರನ್ನು ಕೇಳುತ್ತಾರೆ. ಹುಡುಗನ ತಂದೆ ರೇವಪ್ಪಗೌಡರು ಚಹಾದ ಅಂಗಡಿಯ ಖಾಜಾಸಾಬನನ್ನು ಕೇಳಿದರು, ಬಂಗಾರದಂಥ ಹುಡುಗಿ ಎಂದ. ಕುತುಬುದ್ದೀನನನ್ನು ಕೇಳಿದರು, ಅವಳ ಬಾಯಿಂದ ಒಂದು ದೊಡ್ಡ ಮಾತು ಬಂದದ್ದನ್ನು ತಾನು ಕೇಳಿಲ್ಲ ಎಂದ. ಹಿಂದಿನ ದಿನವಷ್ಟೇ ತಪ್ಪು ಚಿಲ್ಲರೆ ಕೊಟ್ಟನೆಂದು ಭುವನೇಶ್ವರಿ ಅವನಿಗೆ ಓಣಿ ಕೇಳುವಂತೆ ಲೆಕ್ಕ ಕಲಿಸಿದ್ದಳು.

ಹುಡುಗನ ಸೋದರತ್ತೆ ಶಂಕ್ರೆವ್ವ ಮಾತ್ರ ಸುಲಭಕ್ಕೆ ಒಪ್ಪುವ ಪೈಕಿಯಲ್ಲ. ಕಣ್ಣಿಗೆ ಕೈ ಅಡ್ಡ ಹಿಡಿದು ಓಣಿಯ ಉದ್ದಕ್ಕೂ ನೋಡಿ, "ಹುಡುಗಿ ಜಂಪರ ಹೊಲಿಯಾವ ಯಾರು? ಅವನ್ನ ಕೇಳಬೇಕು. ಡಾಕ್ಟರಗ ಗೊತ್ತಿಲ್ಲದ್ದು ಟೇಲರಗ ಗೊತ್ತಿರ್ತೈತಿ" ಎಂದಳು.

ಬಂದು ದೇವದಾನನ ಅಂಗಡಿಯ ಮರದ ಬಾಕಿನ ಮೇಲೆ ಕೂತರು. ಗುಂಡವ್ವನೂ ಬಾಗಿಲಿಗೆ ಬಂದು ನಿಂತಳು. ಅವಳ ಮುಖದಲ್ಲಿ ನೆಮ್ಮದಿಯಿತ್ತು. ಇಪ್ಪತ್ತೆರಡು ವರ್ಷದ ನೆರೆಯವ, ತಮ್ಮ ಮನೆಯ ಮಗನಿದ್ದ ಹಾಗೆ.

"ಹುಡುಗಿ ಹೆಂಗ್ರಿ?" ಎಂದರು ರೇವಪ್ಪಗೌಡರು.

"ಭಾಳ ಚಲೋ ಹುಡುಗಿ ಅದಾಳ್ರಿ. ಬುದ್ಧಿವಂತಿ. ಅಜ್ಜಿನ್ನ ಕಣ್ಣಾಗಿಟ್ಟು ನೋಡ್ಕೋತಾಳ. ನನ್ನ ಮಗಳಿದ್ದಿದ್ರ ಹಿಂಗ ಇರಬೇಕಿತ್ತು ಅಂತ ಅನಸ್ತೈತ್ರಿ." ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

"ಅದೆಲ್ಲ ಇರ್ಲಿ" ಎಂದಳು ಶಂಕ್ರೆವ್ವ. "ಅಳತಿ ತಗೊಳ್ಳಾವ ನೀನು. ಮೈಯಾಗ ಏನರ ಕುಂದು ಐತೇನು? ಐತಿ, ಇಲ್ಲ, ಎರಡರಾಗ ಒಂದು ಹೇಳು."

ಟೇಪು ದೇವದಾನನ ಕೊರಳಿನಿಂದ ಜಾರಿ ಕೆಳಗೆ ಬಿತ್ತು.

ಕುಂದು ಇತ್ತು. ಹನ್ನೆರಡು ವರ್ಷದ ಹಿಂದೆ ಹುಡುಗಿಯ ತಾಯಿ ಅವಳನ್ನು ಕರೆದುಕೊಂಡು ಇದೇ ಬಾಕಿನ ಮೇಲೆ ಬಂದು ಕೂತಿದ್ದಳು. ಹುಡುಗಿ ಬಿದ್ದು, ಅವಳ ಎಡಭುಜ ಅರ್ಧ ಇಂಚು ಇಳಿದಿತ್ತು. "ಅಣ್ಣಾ, ಯಾರಿಗೂ ಗೊತ್ತಾಗದಂಗ ಹೊಲೀತೀಯೇನು?" ಎಂದು ಕೇಳಿದ್ದಳು. ದೇವದಾನ "ಹೌದವ್ವಾ" ಎಂದಿದ್ದ. ಮರುವರ್ಷ ಆ ತಾಯಿ ತೀರಿಕೊಂಡಳು. ಅಂದಿನಿಂದ ಇಂದಿನವರೆಗೆ ಭುವನೇಶ್ವರಿಯ ಪ್ರತಿಯೊಂದು ಬಟ್ಟೆಯ ಎಡಭುಜದೊಳಗೆ ಅವನು ಎರಡು ಪದರ ಕ್ಯಾನ್ವಾಸು ಇಟ್ಟು, ಮೇಲಿನಿಂದ ಗೆರೆಯೂ ಕಾಣದಂತೆ ಹೊಲಿದಿದ್ದ. ಅವನ ಹೆಂಡತಿಗೂ ಅದು ಗೊತ್ತಿರಲಿಲ್ಲ.

'ಇಲ್ಲ' ಎಂದರೆ ನಿನ್ನೆ ದೇವರ ಮುಂದೆ ಎದ್ದು ನಿಂತದ್ದು ಮಣ್ಣುಪಾಲು. 'ಐತಿ' ಎಂದರೆ ಸತ್ತ ತಾಯಿಗೆ ಹೇಳಿದ ಹೌದು ಮಣ್ಣುಪಾಲು. ಹುಡುಗಿಯ ಬಾಳೂ ಅದರ ಜೊತೆಗೆ. ದೇವದಾನ ಟೇಪನ್ನು ಎತ್ತಿಕೊಂಡು, ನಿಧಾನವಾಗಿ ಸುತ್ತಿ, "ಅದನ್ನ ನಾ ಹೇಳಂಗಿಲ್ರಿ" ಎಂದ.

"ಹೇಳಂಗಿಲ್ಲ ಅಂದ್ರ?"

"ಹೇಳಂಗಿಲ್ಲ ಅಂದ್ರ ಹೇಳಂಗಿಲ್ರಿ."

ಶಂಕ್ರೆವ್ವ ಬಾಕಿನಿಂದ ಎದ್ದಳು. "ಅಣ್ಣಾ, ಏಳು. ಇದರಾಗ ಭಾಳ ಹೂತಿಟ್ಟಾರ. ಸಣ್ಣದಿದ್ರ ಹೇಳ್ತಿದ್ದ. ಟೇಲರ್ ಸುದ್ದಾ ಬಾಯಿ ಬಿಡವಲ್ಲ ಅಂದ್ರ ಹುಡುಗಿಗೆ ಒಂದು ಕೈಯ ಇಲ್ಲೇನೋ!" ಎಂದು ಜೀಪಿನ ಕಡೆ ಹೊರಟಳು.

ಗುಂಡವ್ವ ಎದೆ ಎದೆ ಬಡಿದುಕೊಂಡಳು. "ದೇವದಾನಾ, ನಾ ಏನ್ ಅನ್ಯಾಯ ಮಾಡಿದ್ನೋ ನಿನಗ? ನಿನ್ನ ಮದುವ್ಯಾಗ ನಾ ಆರತಿ ಹಿಡದಾಕಿ. ಇಲ್ಲ ಅನ್ನಾಕ ನಿನ್ನ ಬಾಯಿ ಏನ್ ಹೊಲ್ದು ಇಟ್ಟೀಯೇನು?"

ಅಷ್ಟರಲ್ಲಿ ಓಣಿಯೇ ಅಂಗಡಿಯ ಮುಂದೆ ನೆರೆದಿತ್ತು. ಖಾಜಾಸಾಬ ಚಹಾದ ನೆಪ ಮಾಡಿಕೊಂಡು ರೇವಪ್ಪಗೌಡರನ್ನು ಜೀಪಿನ ಹತ್ತಿರ ತಡೆದು ನಿಲ್ಲಿಸಿದ. ಕುತುಬುದ್ದೀನ ಗಲ್ಲೆಯಿಂದ ಇಳಿದು ಬಂದು ದೇವದಾನನ ಕಿವಿಯಲ್ಲಿ ಬಾಯಿಟ್ಟ.

"ಸಾವಿರ ಸುಳ್ಳ ಹೇಳಿ ಒಂದು ಮದುವಿ ಮಾಡು ಅಂತಾರ ಹಿರ್ಯಾರು. ಹೌದಿಲ್ಲೋ? ಒಂಬೈನೂರಾ ತೊಂಬತ್ತೊಂಬತ್ತು ನಾವು ಹೇಳಿ ಮುಗಿಸೇವಿ. ಉಳದದ್ದು ನಿಂದೊಂದು. ಓಣಿ ಮಾನ ಕಳೀಬ್ಯಾಡ."

"ಕುತುಬುದ್ದೀನಾ, ನಾ ಮಾತು ಕೊಟ್ಟೇನಪಾ."

"ದೇವರಿಗೆ ಕೊಟ್ಟಿ. ಅಂವ ದೊಡ್ಡಾವ, ತಿಳಕೋತಾನ. ಶಂಕ್ರೆವ್ವ ತಿಳಕೋತಾಳೇನು?"

ಬುತ್ತಿಯಿಲ್ಲದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ದೇವದಾನ ಒಮ್ಮೆ ಜೀಪಿನ ಕಡೆ ನೋಡಿದ. ಕೊನೆಗೆ ಪಾಸ್ಟರಿಗೆ ಫೋನು ಹಚ್ಚಿದ. ಇದ್ದದ್ದನ್ನು ಇದ್ದ ಹಾಗೆ, ಹೆಸರು ಮಾತ್ರ ಬಿಟ್ಟು, ಹೇಳಿದ.

"ದೇವದಾನಾ" ಎಂದರು ಪಾಸ್ಟರು, "ನಿನ್ನೆ ನೀ ಎದ್ದು ನಿಂತಾಗ ನನಗ ಭಾಳ ಸಂತೋಷ ಆತು. ಆದ್ರ ಇಷ್ಟು ಲಗೂನ ಫೋನ್ ಮಾಡ್ತಿ ಅಂತ ತಿಳದಿದ್ದಿಲ್ಲ. ಪ್ರಾರ್ಥನಾ ಮಾಡೂಣ."

ಮಾಡಿದರು. ಸಿಂದಗಿ ತಾಲೂಕಿಗಾಗಿ ಮಾಡಿದರು, ಮುಂದಿನ ಮಳೆಗಾಗಿ ಮಾಡಿದರು, ಮುಳವಾಡದಲ್ಲಿ ಜ್ವರದಿಂದ ಮಲಗಿದ್ದ ಒಬ್ಬ ತಾಯಿಗಾಗಿ ಮಾಡಿದರು. ಫೋನು ಇಡುವಂತಿಲ್ಲ, ಕಣ್ಣು ತೆರೆಯುವಂತಿಲ್ಲ. ಹನ್ನೊಂದು ನಿಮಿಷದ ಮೇಲೆ ಆಮೆನ್ ಬಂತು. 'ಐತಿ' ಅನ್ನಬೇಕೋ 'ಇಲ್ಲ' ಅನ್ನಬೇಕೋ ಎಂಬುದು ಮಾತ್ರ ಬರಲಿಲ್ಲ.

ದೇವದಾನ ಕಣ್ಣು ತೆರೆದಾಗ ಎದುರಿಗೆ ಭುವನೇಶ್ವರಿ ನಿಂತಿದ್ದಳು.

ಹುಡುಗಿಯನ್ನು ಕರೆಯುವವರೆಗೆ ಒಳಗೇ ಕೂಡಬೇಕು ಎಂಬುದು ಕಟ್ಟಳೆ. ಆದರೆ ಅಜ್ಜಿ ಎದೆ ಬಡಿದುಕೊಳ್ಳುವ ಸದ್ದು ಕಿಟಕಿಯಿಂದ ಕೇಳಿ ಅವಳು ಕೂಡಲಿಲ್ಲ. ಹೊಸ ಇಳಕಲ್ ಸೀರೆಯಲ್ಲಿ, ಕೈಯಲ್ಲಿ ಚಹಾದ ತಟ್ಟೆಯೂ ಇಲ್ಲದೆ, ಅಂಗಡಿಯಿಂದ ನೇರ ಜೀಪಿನ ಹತ್ತಿರ ನಡೆದಳು. ಶಂಕ್ರೆವ್ವ ಅವಳ ಎರಡೂ ಕೈಗಳನ್ನು ಎಣಿಸಿದಂತೆ ನೋಡಿದಳು.

"ಗೌಡ್ರ, ನನ್ನ ಎಡಗಡೆ ಭುಜ ಅರ್ಧ ಇಂಚು ಕೆಳಗೈತ್ರಿ" ಎಂದಳು ಭುವನೇಶ್ವರಿ. ಪಾಠ ಹೇಳುವ ದನಿ, ಓಣಿಯ ಕೊನೆಗೂ ಕೇಳುವಂತಿತ್ತು. "ಸಣ್ಣಾಕಿದ್ದಾಗ ಕಬ್ಬಿನ ಟ್ರ್ಯಾಕ್ಟರಿಗೆ ಜೋತುಬಿದ್ದು ಕಬ್ಬು ಜಗ್ಗಾಕ ಹೋಗಿ ಬಿದ್ದಿದ್ದೆ. ನಮ್ಮವ್ವ ಯಾರಿಗೂ ಹೇಳಬ್ಯಾಡ ಅಂದಿದ್ಲು, ಅದಕ್ಕ ದೇವದಾನ ಕಾಕಾ ಹೇಳಿಲ್ಲ. ಸುಳ್ಳ ಹೇಳಬಾರದು ಅಂತ ವ್ರತ ಹಿಡದಾರ, ಅದಕ್ಕ ಇಲ್ಲಾನೂ ಅಂದಿಲ್ಲ. ಅವರ್ನ ಯಾರೂ ಬೈಬ್ಯಾಡ್ರಿ. ನನ್ನ ಮೈ ಸುದ್ದಿ ನನ್ನ ಕೇಳಬೇಕಿತ್ತು, ನಾ ಹೇಳ್ತಿದ್ದೆ."

ದೇವದಾನನ ಕಣ್ಣಲ್ಲಿ ನೀರು ಬಂತು. ತಾನು ನಲವತ್ತು ದಿನಕ್ಕೆಂದು ಎದ್ದು ನಿಂತು ಅರ್ಧ ದಿನಕ್ಕೇ ಒದ್ದಾಡಿದ್ದನ್ನು ಈ ಹುಡುಗಿ ಹಿಂದೆ ಮುಂದೆ ನೋಡದೆ 'ಹೌದು' ಅಂದುಬಿಟ್ಟಳಲ್ಲ ಎಂದು ಅವನಿಗೆ ಹೆಮ್ಮೆ, ನಾಚಿಕೆ ಎರಡೂ ಆಯಿತು.

"ಅರ್ಧ ಇಂಚಂತ!" ಎಂದಳು ಶಂಕ್ರೆವ್ವ, ಸ್ವಲ್ಪ ನಿರಾಸೆಯಾದವಳಂತೆ. "ಇಷ್ಟಕ್ಕ ಇಷ್ಟು ರಾಮಾಯಣ?"

ರೇವಪ್ಪಗೌಡರು ಮಾತ್ರ ದೇವದಾನನನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಬಂದು ಅವನ ಎರಡೂ ಕೈ ಹಿಡಿದುಕೊಂಡರು. "ಟೇಲರ್ ಮಾಸ್ತರ, ಬಸವನ ಬಾಗೇವಾಡಿಯಾಗ ನೋಡಿದ್ವಿ, ಮುದ್ದೇಬಿಹಾಳದಾಗ ನೋಡಿದ್ವಿ. ಎಲ್ಲಾ ಕಡೆ ಮಂದಿ ಕೇಳಿದ್ದಕ್ಕೂ ಹೇಳ್ತಿದ್ರು, ಕೇಳಿಲ್ಲದ್ದಕ್ಕೂ ಹೇಳ್ತಿದ್ರು. ನಿಮ್ಮಂಥಾ ಮನಷ್ಯಾನ್ನ ನಾ ಇವತ್ತ ನೋಡಿದೆ. ಈ ಮನಿತನ ನಮಗ ಒಪ್ಪಿಗಿ. ನಮ್ಮ ಹುಡುಗನ ಮದುವಿ ಸೂಟು ನಿಮ್ಮ ಕೈಯಾಗ ಹೊಲಿಬೇಕು, ಬ್ಯಾರೆಯವರ ಕೈಯಾಗ ಕೂಡದು" ಎಂದರು.

ಓಣಿ ಚಪ್ಪಾಳೆ ತಟ್ಟಿತು. ಗುಂಡವ್ವ ಎಲ್ಲರ ಬಾಯಿಗೂ ಸಕ್ಕರೆ ಹಾಕುತ್ತ ಬಂದು, ದೇವದಾನನ ಬಾಯಿಗೆ ಎರಡು ಹಿಡಿ ಹಾಕಿದಳು. ಬೆಳಿಗ್ಗೆಯಿಂದ ಅವನ ಹೊಟ್ಟೆಗೆ ಬಿದ್ದ ದೊಡ್ಡ ಊಟ ಅದೇ. ಸುದ್ದಿ ಕೇಳಿ ರೂತವ್ವ ತಾನೇ ಡಬ್ಬಿ ಹಿಡಿದು ಬಂದಳು. ಉಪ್ಪಿನ ಪುಡಿಯನ್ನು ಬೇರೆ ಪೊಟ್ಟಣದಲ್ಲಿ ಕಟ್ಟಿ ತಂದು ಮುಂದಿಟ್ಟಳು. ಆ ಮಧ್ಯಾಹ್ನ ಸಿಂದಗಿಯಲ್ಲಿ ದೇವದಾನನಷ್ಟು ಸುಖಿ ಇನ್ನೊಬ್ಬನಿರಲಿಲ್ಲ.

ನಾಲ್ಕು ಗಂಟೆಗೆ ಹುಡುಗ ಬಂದ. ಅನೀಲಕುಮಾರ ಎತ್ತರದ ಆಳು, ಮುಖದಲ್ಲಿ ಸಭ್ಯತೆ. ಜೀಪಿನಿಂದ ಇಳಿದು ಗುಂಡವ್ವನ ಹೊಸ್ತಿಲವರೆಗೆ ಕುಂಟುತ್ತ ನಡೆದ. "ಮುಂಜಾನೆ ಬಸ್ಸಿನಿಂದ ಇಳಿಯೂವಾಗ ಕಾಲು ಉಳುಕೇತ್ರಿ" ಎಂದು ರೇವಪ್ಪಗೌಡರು ಎಲ್ಲರಿಗೂ ಕೇಳುವಂತೆ ಹೇಳಿದರು. ಗುಂಡವ್ವ ತಡಮಾಡಲಿಲ್ಲ. ಬೇಡ ಬೇಡ ಎಂದರೂ ಕೇಳದೆ ಅವನ ಕಾಲು ಹಿಡಿದು ಅರಿಶಿನ, ಸುಣ್ಣ ಕಲಸಿ ಹಚ್ಚಿದಳು. ಹುಡುಗ, ಹುಡುಗಿ ಮುಖ ನೋಡಿಕೊಂಡರು, ನಾಚಿದರು, ಒಪ್ಪಿದರು. ಆಮೇಲೆ ಹುಡುಗ ಒಬ್ಬನೇ ಸೂಟಿನ ಅಳತೆ ಕೊಡಲು ದೇವದಾನನ ಅಂಗಡಿಗೆ ಬಂದ.

ಎದೆ, ತೋಳು, ಬೆನ್ನು ಆಯಿತು. ದೇವದಾನ ಮೊಣಕಾಲೂರಿ ಪ್ಯಾಂಟಿನ ಉದ್ದ ಹಿಡಿದ. ಬಲಗಾಲು ನಲವತ್ತೊಂದು. ಎಡಗಾಲು ನಲವತ್ತೂಕಾಲು ಇಂಚು. ಟೇಪು ಸೊಟ್ಟ ಬಂತೇನೋ ಎಂದು ಇನ್ನೊಂದು ಸಲ ಹಿಡಿದ. ಮತ್ತೆ ನಲವತ್ತೂಕಾಲು. ತಲೆ ಎತ್ತಿ ನೋಡಿದರೆ ಹುಡುಗ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದ.

"ಹುಟ್ಟಿದಾಗಿಂದ ಹಿಂಗ ಐತ್ರಿ ಮಾಸ್ತರ" ಎಂದ ಹುಡುಗ, ಮೆಲ್ಲಗೆ. "ಬೂಟಿನ್ಯಾಗ ತೊಗಲಿನ ಪಟ್ಟಿ ಇಟ್ಕೊಂಡು ನಡೀತೇನಿ. ಹೊರಗ ಯಾರಿಗೂ ಗೊತ್ತಾಗಂಗಿಲ್ಲ. ಮನಿಯೊಳಗ ಬೂಟ ಬಿಚ್ಚಬೇಕಲ್ರಿ, ಅದಕ್ಕ ಜೀಪಿನಿಂದನ ಕುಂಟ್ಕೋತ ಬಂದೆ, ಉಳುಕೇತಿ ಅಂತ ಅಪ್ಪ ಹೇಳ್ಯಾರ."

"ನಿಮ್ಮಪ್ಪಗ..." ಎಂದ ದೇವದಾನ.

"ಅಪ್ಪಾನ ನಿಮ್ಮ ಹತ್ರ ಹೊಲಿಸ್ಕೊ ಅಂದಾರ್ರಿ. 'ಓಣಿ ಪೂರಾ ಮ್ಯಾಲ ಬಿದ್ರೂ ಬಾಯಿ ಬಿಡಲಿಲ್ಲ ಅಂವ. ಅಂಥಾವ ಸಾವಿರಕ್ಕೊಬ್ಬ. ನಿನ್ನ ಕಾಲಿನ ಸುದ್ದಿ ಅವನ ಹೊಟ್ಟ್ಯಾಗ ಇದ್ರ ಭದ್ರ' ಅಂದ್ರು. ಧೋತರ ಉಟ್ಟಾಗೂ ಕಾಣದಂಗ ಏನರ ಮಾಡ್ರಿ. ಮದುವಿ ಮುಗಿಯೂತನ ಸಾಕು."

ದೇವದಾನ ನೆಲದ ಮೇಲೆಯೇ ಕೂತುಬಿಟ್ಟ. ಗೌಡರು ಕೈ ಹಿಡಿದು ಮೆಚ್ಚಿದ್ದು ತನ್ನ ಸತ್ಯವನ್ನಲ್ಲ, ತನ್ನ ಮುಚ್ಚಿದ ಬಾಯನ್ನು.

"ತಮ್ಮಾ, ಆ ಹುಡುಗಿ ಓಣಿ ಮುಂದ ನಿಂತು ತನ್ನ ಕುಂದು ತಾನ ಹೇಳಿದ್ಲು. ನಿನಗ ಗೊತ್ತೈತಿಲ್ಲೋ?"

"ಗೊತ್ತೈತ್ರಿ. ಅದಕ್ಕ ಅಕೀನ್ನ ಮದುವಿ ಆಗಬೇಕು ಅಂತ ಅನಸೇತಿ. ನನಗೂ ಹೇಳಬೇಕು ಅಂತ ಐತಿ, ಬಾಯಿಗೆ ಬರವಲ್ದು. ಹೇಳೇ ಹೇಳ್ತೇನ್ರಿ" ಎಂದ ಹುಡುಗ. ಸ್ವಲ್ಪ ತಡೆದು, "ಮದುವಿ ಆದ ಮ್ಯಾಲ" ಎಂದು ಸೇರಿಸಿದ.

ಅಷ್ಟರಲ್ಲಿ ಎದುರು ಮನೆಯ ಮೆಟ್ಟಿಲು ಇಳಿದು ಗುಂಡವ್ವ ಸೀದಾ ಇತ್ತಲೇ ಬರುವುದು ಕಾಣಿಸಿತು. ಕೈಗೆ ಇನ್ನೂ ಅರಿಶಿನ ಮೆತ್ತಿತ್ತು. ಹುಡುಗ ಒಂದೇ ನೆಗೆತಕ್ಕೆ, ಗಿರಾಕಿಗಳು ಅಂಗಿ ಹಾಕಿ ನೋಡುವ ಪರದೆಯ ಹಿಂದೆ ಹೋಗಿ ನಿಂತ. ಆ ನೆಗೆತದಲ್ಲಿ ಕುಂಟು ಕಾಣಲೇ ಇಲ್ಲ.

ಗುಂಡವ್ವ ಬಾಕಿನ ಮೇಲೆ ಕೂತು ದನಿ ತಗ್ಗಿಸಿದಳು.

"ದೇವದಾನಾ, ಐವತ್ತು ವರ್ಷದಿಂದ ಓಣಿ ಮಂದಿ ಉಳುಕು ತಿಕ್ಕಿದಾಕಿ ನಾನು. ಆ ಹುಡುಗನ ಕಾಲಿಗೆ ಬಾವಿಲ್ಲ, ಬಿಸಿಯಿಲ್ಲ, ಒತ್ತಿದ್ರ ಹಾ ಅನ್ನವಲ್ಲ. ನನಗ್ಯಾಕೋ ಸಂಶೇ ಬಂದೈತಿ. ಗೌಡಗ ಕೇಳಿದ್ರ ಅಂವ ಹುಡುಗನ ಅಪ್ಪ, ಏನ್ ಹೇಳ್ಯಾನು? ಓಣಿ ಮಂದಿಗೆ ಹುಡುಗ ಹೊಸಬ. ನೀ ಅಂದ್ರ ಈಗ ಅಳತಿ ತಗೊಂಡೀದಿ. ಮತ್ತ ನೀ ಪ್ರಾಣ ಹೋದ್ರೂ ಸುಳ್ಳ ಹೇಳಾವ ಅಲ್ಲ, ಇವತ್ತ ನನ್ನ ಕಣ್ಣಾರೆ ನೋಡೇನಿ. ಉಳುಕೋ, ಹುಟ್ಟಿದಾಗಿಂದ ಹಂಗೋ? ಎರಡರಾಗ ಒಂದು ಹೇಳು."

ದೇವದಾನ ಪರದೆಯ ಕಡೆ ನೋಡಿದ. ಪರದೆ ಸಣ್ಣಗೆ ನಡುಗುತ್ತಿತ್ತು.

"ಆಯಿ, ಅದನ್ನ ಹುಡುಗನ್ನ ಕೇಳ್ರಿ" ಎಂದ.

"ಅವ್ವಯ್ಯಾ!" ಎಂದು ಗುಂಡವ್ವ ಎದ್ದು ನಿಂತು, ಓಣಿಗೆಲ್ಲ ಕೇಳುವಂತೆ ಕೂಗಿದಳು. "ಏ ಕುತುಬುದ್ದೀನಾ, ಬಾರೋ ಇಲ್ಲಿ! ಇಂವ ಮತ್ತ ಬಾಯಿ ಮುಚ್ಚಿದ!"

ಕುತುಬುದ್ದೀನ ಗಲ್ಲೆಯಿಂದ ಹಾರಿದ. ಶಂಕ್ರೆವ್ವ ಎದುರು ಮನೆಯ ಬಾಗಿಲಲ್ಲಿ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದಳು. ರೇವಪ್ಪಗೌಡರು ಅವಳ ಹಿಂದೆ ನಿಂತು, ಬಾಯಿಯ ಮೇಲೆ ಬೆರಳಿಟ್ಟು ದೇವದಾನನಿಗೆ ಸನ್ನೆ ಮಾಡತೊಡಗಿದರು.

"ಮಾಸ್ತರ, ಕೈ ಮುಗೀತೇನಿ" ಎಂದಿತು ಪರದೆ, ದೇವದಾನನಿಗಷ್ಟೇ ಕೇಳುವಂತೆ. "ಒಂದ ಒಂದು ಸುಳ್ಳ ಹೇಳ್ರಿ."

"ದೇವದಾನಾ, ನಿನ್ನ ಕಾಲು ಬೀಳ್ತೇನಿ" ಎಂದಳು ಗುಂಡವ್ವ. "ಒಂದ ಒಂದು ಖರೇ ಹೇಳಪಾ."

ದೇವದಾನ ಜೇಬಿನಿಂದ ಫೋನು ತೆಗೆದು ಪಾಸ್ಟರಿಗೆ ಹಚ್ಚಿದ. ಅವರ ಫೋನು ಬಂದ್ ಆಗಿತ್ತು. ಹೊರಗೆ ಯಾರೋ ಖಾಜಾಸಾಬನ ಅಂಗಡಿಯಿಂದ ಇನ್ನೊಂದು ಬಾಕು ಎಳೆದು ತಂದು ಹಾಕಿದರು, ಮತ್ತು ಹದಿನೈದು ಚಹಾ ಹೇಳಿದರು.